ಜುಟ್ಟಿಲ್ಲದ ಕಾಯಿ

ಮಲಪ್ರಭೆಯ ಮೇಲೆ ಚಳಿ ಇನ್ನೂ ಕರಗಿರಲಿಲ್ಲ. ಧಾರವಾಡದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ನನ್ನ ಮೊಳಕಾಲುಗಳು ಬಿಗಿದಿದ್ದವು. ಮೂರು ತಿಂಗಳು ಹಾಸಿಗೆ ಹಿಡಿದಿದ್ದ ನನ್ನ ಹೆಂಡತಿ, ಗುಣವಾದರೆ ನಡುಹೊಳೆಯಲ್ಲಿ ಹೊಳೆತಾಯಿ ಗಂಗವ್ವನಿಗೆ ಉಡಿ ತುಂಬುವೆನೆಂದು ಹರಕೆ ಹೊತ್ತಿದ್ದಳು. ಅಂಬಿಗನ ಕಿರುದೋಣಿಯಲ್ಲಿ ನಾವಿಬ್ಬರೇ ಕುಳಿತೆವು.

ನಡುನೀರಿನಲ್ಲಿ ಆಕೆ ಅಕ್ಕಿ, ಅರಿಷಿಣ, ಖಣಗಳನ್ನು ಹೊರತೆಗೆದಳು. ತೆಂಗಿನಕಾಯಿಯನ್ನು ಎತ್ತಿಕೊಂಡವಳು ಮಾತ್ರ ಹಾಗೆಯೇ ತಡೆದಳು.

“ಅಲ್ರೀ, ಇದರ ಜುಟ್ಟ ಎಲ್ಲಿ ಹೋತು?”

ಚೀಲದಲ್ಲಿ ನಾರು ಉದುರೀತೆಂದು, ಹೊರಡುವ ಮುನ್ನ ನಾನೇ ಅದನ್ನು ಶಾಲಾಮಾಸ್ತರನ ಶಿಸ್ತಿನಿಂದ ಅಚ್ಚುಕಟ್ಟಾಗಿ ಕಿತ್ತಿದ್ದೆ. ಜುಟ್ಟಿಲ್ಲದ ಕಾಯಿ ಉಡಿಗೆ ಸಲ್ಲದೆಂಬುದು ಹೊಳೆಯಲೇ ಇಲ್ಲ.

ಅಂಬಿಗ ಹುಟ್ಟು ನಿಲ್ಲಿಸಿ ನಕ್ಕನು. “ಮಾಸ್ತರ ಕೈಯಾಗ ಸಿಕ್ಕರ ಕಾಯಿಗೂ ಕ್ಷೌರ ನೋಡ್ರಿ ಅವ್ವಾರ!”

“ಇರ್ಲಿ ಬಿಡು, ಹೊಳಿಗೇನ ತಿಳೀತದ?” ಎಂದೆ, ದಣಿವಿನಿಂದ.

“ನನಗ ತಿಳೀತದಲ್ಲ! ದೋಣಿ ತಿರುಗಸಪಾ. ಇವರು ಊರಾಗ ಹೋಗಿ ಬ್ಯಾರೆ ಕಾಯಿ ತರ್ತಾರ. ಅಲ್ಲೀತನಕ ನಾ ಇಳಿಯಾಂಗಿಲ್ಲ.”

ಆ ಮೂರು ತಿಂಗಳು ನೀರು ಬೇಡುವುದಕ್ಕೂ ಸನ್ನೆ ಮಾಡುತ್ತಿದ್ದವಳ ದನಿ ಆಚೆಯ ದಡದವರೆಗೆ ಹೋಯಿತು.

ದೋಣಿ ಮರಳಿ ದಡ ಮುಟ್ಟಿತು; ಊರು ಅಲ್ಲಿಂದ ಒಂದು ಮೈಲು ದೂರ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಣ್ಣನೆಯ ಕೆಸರಿಗೆ ಇಳಿದೆ. ಆಕೆ ಹಿಂದಿನಿಂದ ಇನ್ನೂ ಬೈಯುತ್ತಲೇ ಇದ್ದಳು; ಆ ದನಿ ಕೇಳಿಸುವಷ್ಟು ದೂರ ನಾನು ಅವಸರ ಮಾಡಲಿಲ್ಲ.