ಉಳಿದ ನೀಲಿ ಬಣ್ಣ

ಪೇಂಟರನಿಗೆ ಜೊತೆಗಾರರು ಇಟ್ಟ ಹೆಸರು ‘ಈಗ್ಲೇ’. ಬೆಳಿಗ್ಗೆ ಗೋಡೆ ಉಜ್ಜುವ ಮೊದಲೇ ಅವನು ಮಧ್ಯಾಹ್ನದ ಬುತ್ತಿ ಬಿಚ್ಚಿ ಕೂರುತ್ತಾನೆ. “ಹೊಟ್ಟೆಗೆ ಹೋಗಿದ್ದನ್ನ ಯಾರೂ ಕಿತ್ಕೊಳ್ಳಲ್ಲ” ಎನ್ನುವುದು ಅವನ ವೇದವಾಕ್ಯ. ಎಣ್ಣೆ, ಸೋಪಿನ ಪುಡಿ, ಚಹಾಪುಡಿ ಎಲ್ಲವೂ ಅವನ ಮನೆಗೆ ಬರುವುದು ಒಂದು ದಿನದ ಪೊಟ್ಟಣದಲ್ಲೇ. ದೊಡ್ಡದು ಅಗ್ಗವೆಂದು ಅಂಗಡಿಯವನು ಎಷ್ಟು ಬಾಯಿ ನೋಯಿಸಿಕೊಂಡರೂ ಅಷ್ಟೇ. ಕೂಲಿಯನ್ನು ಕೊನೆಗೆ ಒಟ್ಟಿಗೆ ತೆಗೆದುಕೊಂಡರೆ ಮೇಲಿಷ್ಟು ಸೇರಿಸಿ ಕೊಡುತ್ತೇನೆಂದು ಮೇಸ್ತ್ರಿ ಆಸೆ ತೋರಿಸಿದರೆ, ಇವನು ಬಣ್ಣದ ಕೈಯನ್ನೇ ಚಾಚುತ್ತಾನೆ: “ಇವತ್ತಿಂದು ಇವತ್ತೇ ಕೊಟ್ಬಿಡಣ್ಣ.” ಹಿಂದೆ ಹಾಗೆ ಆಸೆ ತೋರಿಸಿದ ಮೇಸ್ತ್ರಿಯೊಬ್ಬ ಕೂಲಿ ಕೊಡದೆ ಊರನ್ನೇ ಬಿಟ್ಟಿದ್ದ. ಜೊತೆಗಾರರು ನಕ್ಕರೆ ಇವನೂ ಹುಳ್ಳಗೆ ನಗುತ್ತಾನೆ. ಮೊನ್ನೆ ಶಾಲೆಗೆ ರಜೆಯೆಂದು ಮಗಳನ್ನೂ ಕೆಲಸದ ಮನೆಗೆ ಕರೆತಂದಿದ್ದ. ಮನೆಯೊಡತಿ ಮಿಠಾಯಿ ತೋರಿಸಿ, “ಈಗ್ಲೇ ಬೇಕಾದ್ರೆ ಒಂದು, ಸಂಜೆವರೆಗೂ ಕಾದ್ರೆ ಎರಡು, ಪುಟ್ಟಿ” ಎಂದರು. ಮಾತು ಮುಗಿಯುವಷ್ಟರಲ್ಲಿ ಒಂದು ಮಿಠಾಯಿ ಪುಟ್ಟಿಯ ಬಾಯಿ ಸೇರಿತ್ತು. “ಥೇಟ್ ಅಪ್ಪನೇ!” ಎಂದು ಅವರು ನಕ್ಕರು. ಈ ಸಲ ಅವನಿಗೆ ನಗಲಾಗಲಿಲ್ಲ. ಹಿಂದೊಮ್ಮೆ ಕೆಲಸದಲ್ಲಿ ಉಳಿದ ನೀಲಿ ಬಣ್ಣದ ಡಬ್ಬಿಯನ್ನು ಮನೆಗೆ ತಂದು, “ಮುಟ್ಬೇಡ ಕಂದಾ, ಭಾನುವಾರ ನೀನು ಮಲಗೋ ಗೋಡೆಗೆ ಹೊಡೀತೀನಿ” ಎಂದಿದ್ದ. ಅವಳು ವಾರವಿಡೀ ಆ ಡಬ್ಬಿಯ ಪಕ್ಕದಲ್ಲೇ ಮಲಗಿದಳು, ಮುಚ್ಚಳಕ್ಕೂ ಬೆರಳು ತಾಗಿಸಲಿಲ್ಲ. ಶನಿವಾರ ಕೆಲಸವಿರಲಿಲ್ಲ, ಮನೆಯಲ್ಲಿ ಅಕ್ಕಿಯೂ ಇರಲಿಲ್ಲ. ಅವನು ಡಬ್ಬಿಯನ್ನು ಮಾರಿಬಂದ. ಆ ರಾತ್ರಿ ಅವಳು ಗೋಡೆಗೆ ಬೆನ್ನು ತಿರುಗಿಸಿ ಮಲಗಿದಳು. ಮಿಠಾಯಿ ಚೀಪುತ್ತಿದ್ದ ಮಗಳಿಗೆ ಅವನು ಬೆನ್ನು ಹಾಕಿ ನಿಂತು, ಆಗಲೇ ಬಳಿದು ಮುಗಿಸಿದ್ದ ಗೋಡೆಗೆ ಮತ್ತೆ ಬ್ರಷ್ ಎಳೆಯತೊಡಗಿದ.