ಹವಳಕ್ಕೆ ಬಿದ್ದ ಕಣ್ಣು

ಗೆಳೆಯರೇ, ನನ್ನ ಉಪ್ಪುನೀರಿನ ಟ್ಯಾಂಕಿನ ಹವಳಕ್ಕೆ ಇಂದು ನಮ್ಮಕ್ಕ ದೃಷ್ಟಿ ತೆಗೆದಳು.

ಹವಳವೆಂದರೆ ಉಂಗುರದ್ದಲ್ಲ, ಜೀವ ಇರುವಂಥದ್ದು. ಲಿವಿಂಗ್ ಅನಿಮಲ್, ಕಾಲೇಜಿನಲ್ಲಿ ಓದಿದ್ದೆ, ಫೈಲಮ್ ಯಾವುದೋ ಮರೆತಿದೆ. ಹೆಂಡತಿ ಹೋದ ಮೇಲೆ ಮನೆಯಲ್ಲಿ ನನಗೆ ಜೊತೆ ಅದೊಂದೇ. ಹತ್ತು ದಿನದಿಂದ ಬಿಳಚಿಕೊಂಡು ಮುದುಡಿ ಕೂತಿತ್ತು. ದಿನಾ ಜಾಗ ಬದಲಿಸಿದೆ, ಲೈಟು ಹೆಚ್ಚಿಸಿದೆ, ಮತ್ತಷ್ಟು ಮುದುಡಿತು.

ಹೊಸರಿತ್ತಿಯಿಂದ ಬಂದ ಅಕ್ಕ ಅದನ್ನು ನೋಡಿದವಳೇ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

"ನೋಡೋ ತಮ್ಮಾ, ಒಂದೀಟೂ ಘಾಟು ಬರವಲ್ದು. ಭಾರಿ ದೃಷ್ಟಿ ಆಗೇತಿ!"

"ಅಕ್ಕಾ, ಅವು ಬ್ಯಾಡಗಿ ಕಾಯಿ. ಬಣ್ಣ ಅಷ್ಟ ಇರ್ತೈತಿ, ಘಾಟು ಎಲ್ಲಿಂದ ಬರ್ಬೇಕು? ಹಂಗಾದ್ರ ಈ ಕಾಯಿ ತಿನ್ನೂ ನಮ್ಮ ಇಡೀ ಊರಿಗೇ ದೃಷ್ಟಿ ಆಗಿರಬೇಕು. ದಿಸ್ ಈಸ್ ನಾಟ್ ಎವಿಡೆನ್ಸ್."

"ನಿನ್ನ ಇಂಗ್ಲಿಷ್ ಒಲ್ಯಾಗ ಹಾಕು. ಮುಂಜಾನಿಂದ ಸಂಜಿತನಕ ಅದನ್ನ ನುಂಗೂವಂಗ ನೋಡಾಂವ ಯಾರು?"

"ನಾನ."

"ಮತ್ತ ದೃಷ್ಟಿ ಯಾರ್ದು?"

ಅಕ್ಕ ಲೈಟು ಆರಿಸಿ, ತನ್ನ ಹಳೆಯ ಸೀರೆಯೊಂದನ್ನು ಟ್ಯಾಂಕಿನ ಗಾಜಿಗೆ ಮರೆಯಾಗಿ ಕಟ್ಟಿ, "ಕೈ ಹಚ್ಚಿದ್ರ ನೋಡು" ಎಂದಳು.

ಸಂಜೆ ಸೀರೆ ಸರಿಸಿದರೆ ಹವಳ ಅರಳಿ, ಸಣ್ಣ ಬೆರಳುಗಳನ್ನು ಹೊರಗೆ ಚಾಚಿತ್ತು!

ಬೆಳಕು ಕಡಿಮೆ ಮಾಡಿ, ಮುಟ್ಟಬೇಡಿ ಎಂದು ಹವಳ ಕೊಟ್ಟ ಹುಬ್ಬಳ್ಳಿಯ ಅಂಗಡಿಯವರೂ ಹೇಳಿದ್ದರು. ಆಗಲೇ ಕೇಳಿದ್ದರೆ ಸೈನ್ಸ್ ಗೆಲ್ಲುತ್ತಿತ್ತು. ಈಗ ಅಕ್ಕ ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದಾಳೆ.

"ಇಷ್ಟು ಮಂದಿ ಕಣ್ಣು ಬಿದ್ರ ನಡೀತೈತೇನು?" ಎಂದು ಕೇಳಿದೆ.

"ಅವ್ರೆಲ್ಲಾ ನಮ್ಮಾರು" ಎಂದಳು.

ನಮ್ಮ ಮನೆಯಲ್ಲಿ ಹೊರಗಿನವನು ಯಾರೆಂದು ಇಂದು ತಿಳಿಯಿತು.