ಎಮ್ಮೆಯ ಗಂಟೆ ಕಟ್ಟಿಕೊಂಡ ಬ್ಯಾಟರಿ ಜೀಪು

ಜೊಯಿಡಾದ ಕಾಡುರಸ್ತೆಯ ತಿರುವಿನಲ್ಲಿ ನಮ್ಮ ಸಂಜೆ ಸಫಾರಿಯ ಜೀಪು ಗಕ್ಕನೆ ನಿಂತಿತು. ಮಾರುದ್ದ ದೂರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಹೌಹಾರಿ ನಿಂತಿದ್ದಳು. ಸದ್ದೇ ಇಲ್ಲದ ಬ್ಯಾಟರಿ ಜೀಪು ಹತ್ತಿರ ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಅಲ್ಲೋ ತಮ್ಮಾ, ಹುಲಿ ಬಂದಂಗ ಬರ್ತೈತಲ್ಲೋ ಇದು!" ಎಂದು ಡ್ರೈವರನನ್ನು ಬೈದಳು. ಬೈಯುತ್ತಲೇ ಜೀಪಿನ ಸುತ್ತ ಒಂದು ಸುತ್ತು ಬಂದು ಮೂಸಿ ನೋಡಿದಳು. "ಹೊಗಿ ಇಲ್ಲ, ವಾಸನಿ ಇಲ್ಲ. ಗಾಡಿ ಭಾಳ ಚಲೋ ಐತಿ. ಆದ್ರ ಕಾಡಾಗ ಬರಾವ್ರು ಬರ್ತೇನಿ ಅಂತ ಹೇಳಿ ಬರಬೇಕು."

ಹಾಗೆಂದವಳೇ ಮುಂದಾಳು ಎಮ್ಮೆಯ ಕೊರಳಿನ ಮರದ ಗಂಟೆ ಬಿಚ್ಚಿ ಜೀಪಿನ ಮುಂದುಗಡೆ ಕಟ್ಟಿಬಿಟ್ಟಳು.

ಲೊಟಕ್ ಲೊಟಕ್ ಎನ್ನುತ್ತ ಹೊರಟೆವು. ತಿರುಗಿ ನೋಡಿದರೆ, ಗಂಟೆಯ ಸದ್ದನ್ನೇ ನಂಬಿ ಎಮ್ಮೆಗಳೆಲ್ಲ ನಮ್ಮ ಹಿಂದೆ ಸಾಲಾಗಿ ಬರುತ್ತಿವೆ! ಅವುಗಳ ಹಿಂದೆ ಅಜ್ಜಿ, ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಿದ್ದಾಳೆ. ಹಿಂಡನ್ನು ಅವಳ ಕೊಟ್ಟಿಗೆಗೆ ಮುಟ್ಟಿಸಿಯೇ ಮುಂದೆ ಹೋಗಬೇಕಾಯಿತು. ಗಂಟೆ ಬಿಚ್ಚಿಕೊಡಲು ಹೋದರೆ ಅವಳು ಸುತಾರಾಂ ಒಪ್ಪಲಿಲ್ಲ.

ಅಂದು ನಮಗೆ ಹುಲಿಯಿರಲಿ, ಒಂದು ಮೊಲವೂ ಕಾಣಲಿಲ್ಲ. ಆದರೆ ದಾಂಡೇಲಿಯ ಓಣಿಗಳಲ್ಲಿ ನನ್ನ ಬ್ಯಾಟರಿ ಸ್ಕೂಟರ್ ಕೂಡ ಈಗ ಅಂಥದೇ ಮರದ ಗಂಟೆ ಕಟ್ಟಿಕೊಂಡು ಲೊಟಕ್ ಲೊಟಕ್ ಎನ್ನುತ್ತಲೇ ಓಡಾಡುತ್ತದೆ.